ರಕ್ತ ಒಯ್ದವಳು ಬಂದು ಹೇಳಲಿ

ಮಾನ್ವಿ,
16 ಫೆಬ್ರವರಿ 1986, ಭಾನುವಾರ

ಗೋಪೀ,

ನಾನು ಕ್ಷೇಮ. ನೀನೂ ನಿನ್ನ ಯಜಮಾನರೂ ಮಗಳೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಸಂಕ್ರಾಂತಿ ಮುಗಿದ ಮರುವಾರವೇ ಕೈಸೇರಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ ಎಂದು ಬರೆಯುವುದು ರೂಢಿ. ನೀನು ಬೇಕಾದರೆ ಬೇಸರ ಮಾಡಿಕೋ. ಪುರುಸೊತ್ತಿಲ್ಲದೆ ತಡವಾದದ್ದಲ್ಲ ಇದು. ಪೆನ್ನು ಹಿಡಿದಾಗಲೆಲ್ಲ ಸಿಟ್ಟು ನೆತ್ತಿಗೇರಿ, ನಾಲ್ಕು ಸಾಲು ಬರೆದು ಹರಿದು ಹಾಕುತ್ತಿದ್ದೆ. ಮನೆಯ ಮಾಲಕಿ ಹೀರಾಬಿ ಆ ಚೂರುಗಳನ್ನೆಲ್ಲ ಗುಡಿಸಿಕೊಂಡು, "ಯಾರಿಗಿ ಬರಿಯಾಕತ್ತೀರೋ ಗೊತ್ತಿಲ್ರಿ ಟೀಚರಮ್ಮಾ, ನನಗಂತೂ ಒಲಿ ಹಚ್ಚಾಕ ಭಾಳ ಅನುಕೂಲ ಆಗ್ಯಾದ" ಎಂದಳು. ನಗು ಬಂತು. ನಕ್ಕಾಯಿತಲ್ಲ, ಇನ್ನು ಬರೆಯಬಹುದು ಎಂದು ಕೂತರೆ ಮತ್ತೆ ಸಿಟ್ಟು. ಇವತ್ತು ಸಿಟ್ಟಿನಲ್ಲೇ ಬರೆದು ಮುಗಿಸುತ್ತೇನೆ. ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಡಬ್ಬಿಯ ರೊಟ್ಟಿ ತಿಂದವಳು ನೀನು, ಸೈರಿಸಿಕೊ.

ಮೊದಲು ಒಳ್ಳೆಯ ಮಾತು ಮುಗಿಸಿಬಿಡುತ್ತೇನೆ. ದೆಹಲಿಯ ಸಮಿತಿಗೆ ನಿನ್ನನ್ನು ಸದಸ್ಯಳನ್ನಾಗಿ ತೆಗೆದುಕೊಂಡದ್ದು ನನಗೆ ನಿಜವಾಗಿ ಸಂತೋಷ. ಇದರಲ್ಲಿ ಚುಚ್ಚುಮಾತಿಲ್ಲ. ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ ಯಂಕೋಬಪ್ಪನ ಮಗಳು ದೆಹಲಿಯಲ್ಲಿ ದೊಡ್ಡವರ ನಡುವೆ ಕೂತು ದೇಶಕ್ಕೆ ನಿಯಮ ಬರೆಯುತ್ತಾಳೆಂದರೆ, ನಿಮ್ಮಪ್ಪ ಇದ್ದಿದ್ದರೆ ಮೈಮೇಲಿನ ಹತ್ತಿ ಕೊಡವಿಕೊಳ್ಳುವುದನ್ನೂ ಮರೆತು ಸ್ಟೇಷನ್ ರಸ್ತೆಯ ಉದ್ದಕ್ಕೂ ಹೇಳಿಕೊಂಡು ಬರುತ್ತಿದ್ದರು.

ಇನ್ನು ನಿನ್ನ ಸಮಿತಿಯ ಕೆಲಸ. ಮುಂದೊಂದು ದಿನ ರೋಗಕ್ಕೆ ಮಾತ್ರೆ ಕೊಡುವ ಬದಲು ರೋಗದ ಮೂಲದಲ್ಲಿರುವ ವಂಶವಾಹಿಯನ್ನೇ ಸರಿಪಡಿಸುವ ಚಿಕಿತ್ಸೆ ಬರುತ್ತದೆ, ಅದನ್ನು ಯಾರು ಮಾಡಬಹುದು, ಯಾರ ಮೇಲೆ ಮಾಡಬಹುದು, ಯಾರ ಒಪ್ಪಿಗೆ ಬೇಕು ಎಂದು ಈಗಲೇ ಗೊತ್ತುಮಾಡಬೇಕು ಎಂದು ಬರೆದಿದ್ದೀಯ. ಆ ಚಿಕಿತ್ಸೆ ಮಕ್ಕಳು ಮೊಮ್ಮಕ್ಕಳಿಗೂ ಇಳಿಯುವಂಥದ್ದಾದರೆ ಅವರ ಪರವಾಗಿ ಒಪ್ಪಿಗೆ ಕೊಡುವವರು ಯಾರು ಎಂದು ನೀವು ಎರಡು ದಿನ ವಾದ ಮಾಡಿದಿರಂತೆ. ಇನ್ನೂ ಹುಟ್ಟದ ಮೊಮ್ಮಕ್ಕಳ ಮೇಲೆ ನಿಮಗೆ ಎಂಥ ಕಾಳಜಿ! ಅದೇ ಕಾಗದದ ಕೆಳಗೆ, ಹಳೆಯ ಸಂಶೋಧನೆಗಳಿಗೂ ಒಪ್ಪಿಗೆ ಪತ್ರ ಇರಬೇಕೆಂದು ಈಗ ಕೇಳುತ್ತಿದ್ದಾರೆ, ಆದ್ದರಿಂದ ನಿಮ್ಮ ಮನೆಯವರೆಲ್ಲರ ಹೆಬ್ಬೆಟ್ಟು ಹಾಕಿಸಿ ಕಳಿಸು, ತಾರೀಖಿನ ಜಾಗ ಖಾಲಿ ಇರಲಿ, ಇಲ್ಲಿ ತುಂಬಿಕೊಳ್ಳುತ್ತೇವೆ ಎಂದು ಬರೆದಿದ್ದೀಯ. ಹೊಸ ವಿಧಾನ ಬಂದಿದೆ, ಇನ್ನೊಮ್ಮೆ ಎಲ್ಲರ ರಕ್ತವೂ ಬೇಕು ಎಂದಿದ್ದೀಯ. ಪ್ರೀತಿಯಿಂದ, ನಮ್ಮ ಬಳಗದ ಮೇಲೆ ನೀವು ಬರೆದ ಲೇಖನದ ಒಂದು ಪ್ರತಿಯನ್ನೂ ಇಟ್ಟಿದ್ದೀಯ. ರಕ್ತ ಒಯ್ದ ಏಳು ವರ್ಷದ ಮೇಲೆ ಮೊದಲ ಸಲ.

ಓದಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಮೂರನೆಯ ಪುಟದಲ್ಲಿ ನಮ್ಮ ಬಳಗವೆಲ್ಲ ಚಿತ್ರವಾಗಿ ನಿಂತಿದೆ. ಗಂಡಸರು ಚೌಕ, ಹೆಂಗಸರು ವೃತ್ತ. ಹುಟ್ಟಿನಿಂದಲೇ ತಲೆ ಬೆಳೆಯದ ಈ ರೋಗ ಇದ್ದವರಿಗೆ ಕಪ್ಪು ತುಂಬಿದ್ದೀರಿ, ಬಳಗದೊಳಗೇ ಮದುವೆಯಾದವರ ನಡುವೆ ಜೋಡಿ ಗೆರೆ ಎಳೆದಿದ್ದೀರಿ. ಮೂಲೆಯಲ್ಲಿ ಮದುವೆಯಿಲ್ಲದ ಒಂದು ಬಿಳಿ ವೃತ್ತ ಇದೆ, ಅದು ನಾನು. ನಿನಗೆ ಹೆಸರುಗಳು ಮರೆತಿರಬಹುದು, ನೆನಪು ಮಾಡಿಕೊಡುತ್ತೇನೆ. ಜೋಡಿ ಗೆರೆಯ ಒಂದು ತುದಿಯ ಚೌಕ ನಮ್ಮ ಸೋದರಮಾವ ದುರುಗಪ್ಪ. ಇನ್ನೊಂದು ತುದಿಯ ವೃತ್ತ ನನ್ನ ಅಕ್ಕ ಮಾರೆಮ್ಮ. ಅವರ ಕೆಳಗಿನ ಎರಡು ಬಿಳಿ ವೃತ್ತಗಳು ಹಿರಿಯ ಮಗಳು ಅಮರಮ್ಮ, ಕಿರಿಯಳು ಈರಮ್ಮ. ನಡುವಿನ ಕಪ್ಪು ಚೌಕ ಪರಮಣ್ಣ. ಅಕ್ಕನ ಪಕ್ಕದ ಬಿಳಿ ಚೌಕ ನನ್ನ ತಮ್ಮ ಕನಕರಾಯ.

ಮುಂದಿನ ಪುಟದಲ್ಲಿ ಪರಮಣ್ಣನ ಫೋಟೋ. ಬರಿಮೈಯಲ್ಲಿ ಗೋಡೆಗೆ ಒರಗಿ ನಿಂತಿದ್ದಾನೆ, ಆ ಪುಟ್ಟ ತಲೆಯ ಪಕ್ಕ ಅಳತೆಪಟ್ಟಿ ಹಿಡಿದಿದ್ದೀರಿ, ಗುರುತು ಸಿಗಬಾರದೆಂದು ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದೀರಿ. ದೇವದುರ್ಗದ ಕಡೆ ಬಂದು ಆ ನಗು ಯಾರದು ಎಂದು ಕೇಳು, ಬಸ್ ಕಂಡಕ್ಟರ್ ಹೇಳುತ್ತಾನೆ. ಅವನಿಗೀಗ ಹದಿನಾರು. ಮಾತು ಬಂದಿಲ್ಲ. ತಾಯಿ ಸತ್ತ ಕುರಿಮರಿಗಳು ಅವನ ತೊಡೆಯ ಮೇಲೆಯೇ ಮಲಗುತ್ತವೆ, ಇನ್ಯಾರು ಎತ್ತಿಕೊಂಡರೂ ಅರಚುತ್ತವೆ. ಅಕ್ಕ ಇವತ್ತಿಗೂ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಾಳೆ. ತಪ್ಪು ತಿಳಿಯಬೇಡ ಗೋಪೀ, ಅವನು ಹುಟ್ಟಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಅವನನ್ನು ನೋಡಲು ಜೀಪು ಹತ್ತಿ ಬಂದವರು ಅವನ ಮನೆಯವರಿಗೆ ಒಂದು ಮಾತು ಹೇಳಲಿಲ್ಲ ಎಂಬುದಷ್ಟೇ ನನ್ನ ಸಿಟ್ಟು.

ಎಪ್ಪತ್ತೆಂಟರ ದೀಪಾವಳಿಯಾದ ಮೇಲೆ ಆ ಜೀಪು ಬಂದಾಗ ನಾನು ಬಿ.ಎಡ್. ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ, ಊರಲ್ಲಿರಲಿಲ್ಲ. ಅಲ್ಲಿ ನಡೆದದ್ದನ್ನು ಅಕ್ಕ ಹೇಳಿದ್ದಾಳೆ. ನಿನ್ನ ಪ್ರೊಫೆಸರ್ ಇಂಗ್ಲಿಷಿನಲ್ಲಿ ಹೇಳಿದರು, ನೀನು ಕನ್ನಡದಲ್ಲಿ ಹೇಳಿದೆ: ಪರಮಣ್ಣನ ಕಾಯಿಲೆಗಾಗಿ ಬಳಗದವರೆಲ್ಲರ ರಕ್ತ ಬೇಕು. ನಮ್ಮವರಿಗೆ ಅದು ಹೊಸ ಮಾತಲ್ಲ. ರೋಗ ಬಂದು ಒಬ್ಬರ ಕುರಿಹಟ್ಟಿ ಖಾಲಿಯಾದರೆ ಬಳಗದ ಪ್ರತಿ ಮನೆಯಿಂದಲೂ ಒಂದೊಂದು ಮರಿ ಕೊಟ್ಟು ಮತ್ತೆ ಹಟ್ಟಿ ಕಟ್ಟಿಕೊಡುವ ಜನ ನಾವು. ಮಾವ ಅದನ್ನೂ ಹಾಗೆಯೇ ತಿಳಿದರು. ತಾವೇ ಮನೆಮನೆಗೆ ಹೋಗಿ, "ಪರಮಗ ಮನಿಗೊಬ್ರು ರಕ್ತ ಕೊಡಬೇಕು, ಒಂದು ಮನಿನೂ ಬಿಡಂಗಿಲ್ಲ" ಎಂದು ಹೇಳಿ ಬಂದರು. ಮಾನ್ವಿ ಕಡೆಯವರು ಬಂದರು, ಕಲ್ಮಲದಿಂದ ಬೀಗರು ಬಂದರು. ಎಲ್ಲರ ರಕ್ತವನ್ನೂ ಕೂಡಿಸಿ ಹುಡುಗನಿಗೆ ಹಾಕುತ್ತೀರಿ, ಅವನ ತಲೆ ಬೆಳೆಯುತ್ತದೆ ಎಂದುಕೊಂಡೇ ತೋಳು ಚಾಚಿದರು. ಒಬ್ಬ ಮುದುಕಿ, "ಯವ್ವಾ, ಇದನ್ನ ಹುಡುಗಗ ಯಾವಾಗ ಹಾಕ್ತೀರಿ?" ಎಂದು ಕೇಳಿದಳಂತೆ. ನೀನು ಪ್ರೊಫೆಸರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಅವರು ನಕ್ಕರು. ಮುದುಕಿಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಇದಕ್ಕೆ ನೀನು ಒಪ್ಪಿಗೆ ಎನ್ನುತ್ತೀಯಾ? ಈಗ ಇದಕ್ಕೆ ಹಳೆಯ ತಾರೀಖು ಹಾಕಿ ಹೆಬ್ಬೆಟ್ಟು ಒತ್ತಿಸಿ ಕಳಿಸಲೇ?

ಮರಿ ಕೊಡುವ ಪದ್ಧತಿಗೆ ಇನ್ನೊಂದು ಕಟ್ಟಳೆ ಇದೆ. ಒಯ್ದವನ ಹಟ್ಟಿಯಲ್ಲಿ ಏನಾದರೂ ಕೆಟ್ಟದ್ದಾದರೆ ಅವನು ಕೂಡಲೇ ಬಂದು, ಕೊಟ್ಟವರ ಕಂಬಳಿಯ ಮೇಲೆ ಕೂತು ಹೇಳಬೇಕು. ಮರಿ ಸತ್ತರೂ ಬಂದು ಹೇಳಬೇಕು. ಅವನು ಬರಲಿಲ್ಲವೆಂದರೆ ಎಲ್ಲ ಚೆನ್ನಾಗಿದೆ ಎಂದೇ ಲೆಕ್ಕ. ನಿಮ್ಮ ಜೀಪು ಮತ್ತೆ ಬರಲಿಲ್ಲ. ಮೊದಲು ಪರಮಣ್ಣನಿಗೆ ಔಷಧ ಬರುತ್ತದೆಂದು ಕಾದರು. ಅದು ಬರದಿದ್ದಾಗ, ಹುಡುಗನಿಗೆ ಉಪಾಯವಿಲ್ಲ, ಆದರೆ ಉಳಿದವರ ರಕ್ತದಲ್ಲಿ ದೋಷವಿಲ್ಲ, ಇದ್ದಿದ್ದರೆ ಬಂದು ಹೇಳುತ್ತಿದ್ದರು ಎಂದು ಸಮಾಧಾನ ಮಾಡಿಕೊಂಡರು. ಆ ಧೈರ್ಯದ ಮೇಲೆಯೇ ಎಂಬತ್ತೆರಡರಲ್ಲಿ ಅಮರಮ್ಮನನ್ನು ಕನಕರಾಯನಿಗೆ ಕೊಟ್ಟು ಮದುವೆ ಮಾಡಿದರು. ಅಕ್ಕನ ಮಗಳು ತಮ್ಮನಿಗೇ ಬರಬೇಕು ಎಂಬುದು ನಮ್ಮಲ್ಲಿ ತೊಟ್ಟಿಲಲ್ಲೇ ಆದ ಮಾತು, ಬೇಡವೆನ್ನಲು ಗಟ್ಟಿ ಕಾರಣ ಬೇಕು. ಆ ಕಾರಣ ನಿಮ್ಮ ಬೀರುವಿನಲ್ಲಿತ್ತು.

ನಿನ್ನ ಕಾಗದದ ಒಂದು ಸಾಲು ಇಲ್ಲಿ ಬರೆಯುತ್ತೇನೆ, ನೀನೇ ಓದಿ ನೋಡು: "ಇದು ತಾಯಿ ತಂದೆ ಇಬ್ಬರ ಕಡೆಯಿಂದಲೂ ಬರುವ ದೋಷ, ಈ ಬಳಗದೊಳಗೆ ಮತ್ತೆ ಮತ್ತೆ ಮದುವೆಯಾದರೆ ಮರುಕಳಿಸುತ್ತದೆ ಎಂದು ನಮಗೆ ಮೊದಲ ಚಳಿಗಾಲದಲ್ಲೇ ಖಚಿತವಾಗಿತ್ತು." ಎಷ್ಟು ಸಲೀಸಾಗಿ ಬರೆದಿದ್ದೀಯ. ಲೇಖನದ ಕೊನೆಯಲ್ಲಿ, ಈ ಮನೆತನದೊಳಗೆ ಇನ್ನು ಮದುವೆಗಳಾಗದಂತೆ ತಿಳಿವಳಿಕೆ ಕೊಡುವುದು ಸೂಕ್ತ ಎಂದೂ ಅಚ್ಚಾಗಿದೆ. ಯಾರಿಗೆ ಕೊಟ್ಟಿರಿ ತಿಳಿವಳಿಕೆ? ಲಂಡನ್ನಿನಲ್ಲಿ ಆ ಪತ್ರಿಕೆ ತರಿಸುವವರಿಗೆ. ಅಲ್ಲಿ ಯಾರಾದರೂ ಕನಕರಾಯನಿಗೆ ಹೆಣ್ಣು ಕೊಡಲು ಕಾದು ಕೂತಿದ್ದರೆ ಪಾಪ, ಅವರು ಹುಷಾರಾದರು. ಪ್ರಕಟವಾಗುವ ತನಕ ಹೊರಗೆ ಹೇಳಬಾರದೆಂದು ಪ್ರೊಫೆಸರರ ನಿಯಮವಿತ್ತು, ಆಮೇಲೆ ಕೆಲಸದ ಒತ್ತಡದಲ್ಲಿ ಉಳಿದುಹೋಯಿತು ಎಂದಿದ್ದೀಯ. ಹದಿನೈದು ಪೈಸೆಯ ಒಂದು ಕಾರ್ಡು ಬರೆಯಲು ಎಷ್ಟು ಹೊತ್ತು ಬೇಕು ಗೋಪೀ?

ಎಂಬತ್ತನಾಲ್ಕರಲ್ಲಿ ಅಮರಮ್ಮನಿಗೆ ಹೆಣ್ಣುಕೂಸು ಹುಟ್ಟಿತು. ಹುಲಿಗೆಮ್ಮ. ಸೂಲಗಿತ್ತಿ ಕೂಸನ್ನು ಕೈಗೆತ್ತಿಕೊಂಡವಳು ಅದರ ತಲೆಯ ಮೇಲೆ ಬಟ್ಟೆ ಎಳೆದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಮೆದುಳು ಹೊಟ್ಟೆಯೊಳಗೇ ಬೆಳೆಯುವುದನ್ನು ನಿಲ್ಲಿಸಿಬಿಟ್ಟಿರುತ್ತದೆ, ಅದಕ್ಕೇ ತಲೆಬುರುಡೆಯೂ ಚಿಕ್ಕದಾಗಿಯೇ ಉಳಿಯುತ್ತದೆ ಎಂದು ನಿಮ್ಮ ಲೇಖನದಲ್ಲಿದೆ. ಹುಟ್ಟಿದ ಮೇಲೆ ನಿಮ್ಮ ಯಾವ ಚಿಕಿತ್ಸೆ ಬಂದು ಏನು ಸರಿಪಡಿಸುತ್ತದೆ? ಅದನ್ನೂ ಸಮಿತಿಯಲ್ಲಿ ಕೇಳು. ಆ ಕೂಸಿಗೆ ಇನ್ನೂ ಕತ್ತು ನಿಂತಿಲ್ಲ, ವಾರದಲ್ಲಿ ಒಂದೆರಡು ಸಲ ಸೆಳೆತ ಬರುತ್ತದೆ.

ಇಷ್ಟೇ ಆಗಿದ್ದರೆ ನಾನು ಹಲ್ಲುಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಈಗ ಹಿರಿಯರು ಕೂತು ಇನ್ನೊಂದು ತೀರ್ಮಾನ ಮಾಡಿದ್ದಾರೆ. ಅಮರಮ್ಮನ ಹೊಟ್ಟೆ ಕೆಟ್ಟಿದೆಯಂತೆ, ಅದಕ್ಕೇ ಇಂಥ ಕೂಸು ಬಂತಂತೆ. ಹೊರಗಿನ ಹೆಣ್ಣು ತಂದರೆ ಅಮರಮ್ಮನನ್ನೂ ಕೂಸನ್ನೂ ನೋಡಿಕೊಳ್ಳುವುದಿಲ್ಲ, ಆದ್ದರಿಂದ ಅವಳ ತಂಗಿ ಈರಮ್ಮನನ್ನೇ ಕನಕರಾಯನಿಗೆ ಎರಡನೆಯವಳಾಗಿ ಕೊಡಬೇಕಂತೆ. ಶಿವರಾತ್ರಿ ಮುಗಿದ ಕೂಡಲೇ ಎಲೆ ಅಡಿಕೆ ಶಾಸ್ತ್ರ. ಈರಮ್ಮ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅದೇ ತಾಯಿ, ಅದೇ ತಂದೆ. ಅವಳ ಮೈಯಲ್ಲೂ ಆ ದೋಷದ ಒಂದು ಪಾಲು ಇರುವ ಸಂಭವ ಮೂರರಲ್ಲಿ ಎರಡು ಎಂಬುದನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ.

ನಿನ್ನ ಕಾಗದ ಓದಿದ ಮರು ಭಾನುವಾರವೇ ಬಸ್ಸು ಹಿಡಿದು ಊರಿಗೆ ಹೋದೆ. ಹಿರಿಯರೆಲ್ಲ ಕೂತಿದ್ದರು.

"ಮಾವಾ, ಈರಮ್ಮನ್ನ ಕನಕಗ ಕೊಡಬ್ಯಾಡ್ರಿ," ಎಂದೆ. "ಅಮರಿ ಹೊಟ್ಟಿದು ತಪ್ಪಲ್ಲ. ಕನಕನ ಕಡಿಂದ ಒಂದು ಪಾಲು, ಅಮರಿ ಕಡಿಂದ ಒಂದು ಪಾಲು, ಎರಡೂ ಕೂಡಿದ್ರ ಕೂಸಿನ ಮಿದುಳು ಬೆಳಿಯಂಗಿಲ್ಲ. ಈರಮ್ಮಗೂ ಹಂಗ ಆಗಬಹುದು."

"ಯಾರ ಹೇಳಿದ್ರು ನಿನಗ?"

"ಗೋಪಿ ಬರದಾಳ."

"ನಿನಗ ಬರದಾಳ. ನಮಗ ಬಂದು ಹೇಳಿಲ್ಲಲ್ಲ." ಮಾವ ಸಿಟ್ಟಾಗಲಿಲ್ಲ, ಸಮಾಧಾನದಿಂದಲೇ ಹೇಳಿದರು. "ನನ್ನ ತೋಳಿಗಿ ಸೂಜಿ ಚುಚ್ಚಿದಾಕಿ ಆಕಿ. ಆಕಿನೂ ಬಡವರ ಮನಿ ಮಗಳು, ನಮ್ಮನಿ ರೊಟ್ಟಿ ತಿಂದಾಕಿ. ಕೆಟ್ಟ ಸುದ್ದಿ ಇದ್ರ ಇಷ್ಟು ವರ್ಷ ಸುಮ್ಮನ ಇರ್ತಿದ್ಲೇನು? ನೀ ಸಾಲಿ ಪುಸ್ತಕ ಓದಿ ಏನೇನೋ ಅಂತಿ. ರಕ್ತ ಒಯ್ದಾಕಿ ಬಂದು ಹೇಳ್ಲಿ, ಕೇಳ್ತೀನಿ."

ನಿನ್ನ ಮೇಲೆ ಅವರಿಗಿರುವ ನಂಬಿಕೆ ನೋಡು. ನನಗೆ ಮೈಯೆಲ್ಲ ಉರಿಯಿತು. "ಟಗರನ್ನ ಯಾಕ ಬ್ಯಾರೆ ಹಟ್ಟಿಗಿ ಬದಲಿ ಮಾಡ್ತೀರಿ ಮಾವಾ? ಅದರ ಮರಿಗೇ ಅದನ್ನ ಬಿಟ್ರ ಹಿಂಡು ಸೊರಗ್ತದ ಅಂತ ನೀವ ಹೇಳ್ತೀರಲ್ಲ?" ಎಂದುಬಿಟ್ಟೆ. ಕೆಲಸ ಕೆಟ್ಟಿತು. ಮಾವ ಎದ್ದು ನಿಂತರು. "ನನ್ನ ಮಕ್ಕಳನ್ನ ಕುರಿಗಿ ಹೋಲಸ್ತೀಯೇನು? ಸಾಲಿ ಕಲಿಸೋಕಿ ಆಗಿ ಇಷ್ಟ ಕಲತೇನು?" ಎಂದು ಟವಲು ಕೊಡವಿ ಹೊರಗೆ ನಡೆದರು. ಕನಕರಾಯ ನೆಲ ನೋಡುತ್ತಾ, "ಅಕ್ಕಾ, ಹಿರ್ಯಾರು ಕುಂತು ಮಾತಾಡ್ಯಾರ, ನಾ ಏನ್ ಹೇಳ್ಲಿ" ಎಂದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಇಪ್ಪತ್ತೆಂಟು ವರ್ಷದ ಗಂಡಸಿಗೆ ಬಾರಿಸಿ ಏನು ಪ್ರಯೋಜನ ಎಂದು ಎದ್ದು ಒಳಗೆ ಹೋದೆ.

ಒಳಗೆ ಅಮರಮ್ಮ ಕೂಸಿಗೆ ಗಂಜಿ ಕುಡಿಸುತ್ತಿದ್ದಳು. ಒಂದು ಚಮಚ ಒಳಗೆ ಹೋಗಲು ಎಷ್ಟು ಹೊತ್ತು ಬೇಕೆಂದು ನೋಡಿದವರಿಗೇ ಗೊತ್ತು. "ಚಿಗವ್ವಾ, ನನ್ನ ಹೊಟ್ಟಿ ಕೆಟ್ಟಿಲ್ಲ ಅಂತ ಹೊರಗ ಅಂದ್ಯಲ್ಲ, ಅದು ಖರೇನ?" ಎಂದು ಕೇಳಿದಳು. ಖರೆ ಎಂದೆ. "ಹಂಗಾರ ಅದನ್ನ ಆಕಿ ಬಂದು ಎಲ್ಲಾರ ಮುಂದ ಹೇಳ್ಲಿ. ಓಣ್ಯಾಗ ತಲಿ ಎತ್ತಿ ಅಡ್ಡಾಡಿ ಎರಡು ವರ್ಷ ಆತು," ಎಂದಳು. ನಾನು ಹೊರಟಾಗ ಈರಮ್ಮ ಬಸ್ಸಿನ ತನಕ ಬಂದು ನನ್ನ ಚೀಲ ಹಿಡಿದುಕೊಂಡೇ ನಿಂತಿದ್ದಳು. "ನಿನ್ನ ಸಂಗಡ ಮಾನ್ವಿಗಿ ಬರ್ಲೇನು ಚಿಗವ್ವಾ? ಅಲ್ಲೇ ಸಾಲಿಗಿ ಹೋಗ್ತೀನಿ," ಎಂದಳು. ಮಾವನನ್ನು ಕೇಳದೆ ಹತ್ತಿಸಿಕೊಂಡು ಬಂದರೆ ಅಪಹರಿಸಿದಳೆಂದು ನಾಳೆಯೇ ಬಂದು ಎಳೆದುಕೊಂಡು ಹೋಗುತ್ತಾರೆ, ಮತ್ತೆ ಆ ಮನೆಯಲ್ಲಿ ನನ್ನ ಮಾತಿಗೆ ಜಾಗವೇ ಇರುವುದಿಲ್ಲ. ಚೀಲ ಬಿಡಿಸಿಕೊಂಡು ಬಸ್ಸು ಹತ್ತಿದೆ. ಆ ಹುಡುಗಿಯ ಮುಖ ಇನ್ನೂ ಕಣ್ಣ ಮುಂದಿದೆ.

ಆದ್ದರಿಂದ ಈಗ ನನ್ನ ಮಾತು ಕೇಳು. ನೀನು ಕಳಿಸಿದ ಒಪ್ಪಿಗೆ ಪತ್ರಗಳು ಈ ಲಕೋಟೆಯಲ್ಲೇ ಇವೆ. ಒಂದರ ಮೇಲೂ ಹೆಬ್ಬೆಟ್ಟಿಲ್ಲ. ರಕ್ತವೂ ಇಲ್ಲ. ನೀನು ಶಿವರಾತ್ರಿಗೆ ಮೊದಲು ಬರಬೇಕು. ಪ್ರೊಫೆಸರ್ ಬೇಡ, ಜೀಪು ಬೇಡ, ಸೂಜಿ ಬೇಡ. ರಾಯಚೂರು ಸ್ಟೇಷನ್ನಿಗೆ ನಾನೇ ಬಂದು ಕಾಯುತ್ತೇನೆ, ಅಲ್ಲಿಂದ ದೇವದುರ್ಗದ ಬಸ್ಸಿನಲ್ಲಿ ಹೋಗೋಣ. ದುರುಗಪ್ಪ ಮಾವನ ಕಂಬಳಿಯ ಮೇಲೆ ಕೂತು, ಅವರ ಮಾತಿನಲ್ಲೇ, ನಿನಗೆ ತಿಳಿದದ್ದನ್ನೆಲ್ಲ ಹೇಳು. ಬೈಯುತ್ತಾರೆ, ಬೈಸಿಕೊ. ಹೇಳಿ ಮುಗಿಸಿದ ಮೇಲೆ ಅವರು ಹೆಬ್ಬೆಟ್ಟು ಹಾಕಿದರೆ ಅವತ್ತಿನ ತಾರೀಖು ಬರೆದುಕೊ. ಹಾಕದಿದ್ದರೆ ಹಾಗೇ ಎದ್ದು ಬಾ. ಜನರಿಂದ ಏನನ್ನಾದರೂ ಒಯ್ದವರು ತಿಳಿದದ್ದನ್ನು ಅವರ ಮನೆಗೇ ಬಂದು ಹೇಳಬೇಕೆಂದು ನಿನ್ನ ಸಮಿತಿಯ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ನಿಮ್ಮ ಎರಡು ದಿನದ ವಾದಕ್ಕಿಂತ ಹೆಚ್ಚು ಉಪಯೋಗವಾದೀತು.

ಸಭೆ ಇದೆ, ರಜೆ ಇಲ್ಲ ಎಂದು ಬರೆಯಬೇಡ. ಆ ಕಾಗದವನ್ನು ಓದುವ ಮೊದಲೇ ಹೀರಾಬಿಗೆ ಕೊಟ್ಟುಬಿಡುತ್ತೇನೆ.

ಇಷ್ಟೆಲ್ಲ ಬೈದರೂ ನಿನ್ನ ಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಓದಲಿ, ಬೆಳೆಯಲಿ, ನಿನ್ನಷ್ಟೇ ಜಾಣೆಯಾಗಲಿ, ತಿಳಿದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಿನಗಿಂತ ಹೆಚ್ಚಿರಲಿ. ಅವಳಿಗೆ ಈ ದೊಡ್ಡಮ್ಮನ ಆಶೀರ್ವಾದ ತಿಳಿಸು. ನಿನ್ನ ಯಜಮಾನರಿಗೆ ನಮಸ್ಕಾರ.

ನಿನ್ನ,
ಅಯ್ಯಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಗದದ ತುಂಬ ನಿನ್ನ ಪ್ರೊಫೆಸರರನ್ನೂ ಜೀಪನ್ನೂ ಸಮಿತಿಯನ್ನೂ ಬೈದಿದ್ದೇನೆ. ನನ್ನನ್ನು ಸುಡುತ್ತಿರುವುದು ಅವು ಯಾವುವೂ ಅಲ್ಲ. ಅಮರಮ್ಮನ ಮದುವೆಗೆ ನೀನು ಬಂದಿದ್ದೆ. ಊರ ಮನೆಯ ಮುಂದೆ, ಚಪ್ಪರದ ಕೆಳಗೆ, ನನ್ನ ಪಕ್ಕದಲ್ಲೇ ನಿಂತಿದ್ದೆ. ಮದುವೆಯ ಗಡಿಬಿಡಿಯಲ್ಲೂ ಮಾವ ನಿನ್ನನ್ನು ಕಂಡು, "ನಮ್ಮ ರಕ್ತ ಏನಾತವ್ವಾ?" ಎಂದು ಕೇಳಿದರು. "ಇನ್ನೂ ನೋಡಾಕತ್ತೀವಿ ಮಾ‌ವಾ, ಏನರ ಇದ್ರ ಹೇಳ್ತೀನಿ" ಎಂದೆ. ಆಮೇಲೆ ನನ್ನ ತಟ್ಟೆಯಿಂದಲೇ ಅಕ್ಕಿಕಾಳು ತೆಗೆದುಕೊಂಡು ಆ ಇಬ್ಬರ ತಲೆಯ ಮೇಲೆ ಹಾಕಿದೆ. ಅಮರಮ್ಮ ಕಾಲಿಗೆ ಬಿದ್ದಾಗ, "ಲಗೂನ ಒಂದು ಕೂಸಾಗ್ಲಿ" ಎಂದೆ. ನಿನಗೆ ಗೊತ್ತಾಗಿ ಆಗ ಮೂರು ಚಳಿಗಾಲ ಕಳೆದಿತ್ತು. ಊರಿಗೆ ಹೋದ ಆ ಭಾನುವಾರ ಗಂಜಿಯ ಬಟ್ಟಲು ಕೆಳಗಿಟ್ಟು ಅಮರಮ್ಮ ಕೇಳಿದಳು, "ಚಿಗವ್ವಾ, ಆವತ್ತು ಹರಸೋವಾಗ ಆ ಅಕ್ಕಗ ಗೊತ್ತಿತ್ತೇನು?" ಇಲ್ಲ ಎಂದೆ. ನೀನು ಬಂದಾಗ ಆಕೆ ಅದನ್ನೇ ನಿನ್ನನ್ನು ಕೇಳುತ್ತಾಳೆ. ಈ ಸಲ ನಿನ್ನ ಪರವಾಗಿ ನಾನು ಉತ್ತರ ಕೊಡುವುದಿಲ್ಲ.